ಈರವ್ವ ಪೂಜೆ ಮಾಡಿದ ಪೆನ್‌ಡ್ರೈವ್

ದಯವಿಟ್ಟು ಅರ್ಧ ಓದಿ ಕೈಮುಗಿಯುವ ಇಮೋಜಿ ಕಳಿಸಬೇಡಿ... ಇದನ್ನು ಕೊನೆಯವರೆಗೂ ಓದಿ.

ರಾಣೆಬೆನ್ನೂರಿನಲ್ಲಿ ಫಕ್ಕೀರಪ್ಪ ಎಂಬ ನಿವೃತ್ತ ಬಸ್ ಕಂಡಕ್ಟರ್ ಇದ್ದಾರೆ. ಒಂದು ಕಾಲದಲ್ಲಿ ಅವರು "ರೈಟ್" ಅಂದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದವರೂ ಎದ್ದು ಕೂರುತ್ತಿದ್ದರಂತೆ...

ಲಕ್ವ ಹೊಡೆದು ಆ ದನಿ ಹೋಯಿತು. ಒಂದು ಕೈ ಮಾತ್ರ ಉಳಿಯಿತು.

ಮಗಳು ಸುವರ್ಣಾ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿಸುವವಳು. ಟೈಪ್ ಮಾಡಿದ್ದನ್ನು ಕನ್ನಡದಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಒಂದನ್ನು ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು. ಮೂಗಿನಲ್ಲಿ ಮಾತಾಡಿದಂಥ ದನಿ... ಆದರೂ ಮಾತು ಅಪ್ಪನದು.

"ಚಹಾದಾಗ ಸಕ್ರಿ ಕಡಿಮಿ ಆಗೇತಿ" ಎಂದು ಲ್ಯಾಪ್‌ಟಾಪ್ ಹೇಳಿದ ದಿನ, ಹೆಂಡತಿ ಈರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಂದು ಚಮಚ ಸಕ್ಕರೆ ಹಾಕಿದರು.

ಹೋದ ವರ್ಷದ ದಸರೆ. ವಿಜಯದಶಮಿಯ ಮರುದಿನ ಮೊಮ್ಮಗಳ ನಾಮಕರಣ.

ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ತಮ್ಮನ ಮಗಳಿಗೆ ಸುವರ್ಣಾಳೇ ಹೇಳಬೇಕಿತ್ತು. ಆದರೆ ಆಕೆ "ಈ ಸಲ ಅಪ್ಪ ಹೇಳ್ಲಿ" ಎಂದು ಬಿಟ್ಟುಕೊಟ್ಟಿದ್ದಳು. ಫಕ್ಕೀರಪ್ಪ ಹೆಸರು ಆರಿಸಿಕೊಂಡು, ಯಾರಿಗೂ ಹೇಳದೆ ಕಾಯುತ್ತಿದ್ದರು.

ಅಷ್ಟರಲ್ಲಿ ಲ್ಯಾಪ್‌ಟಾಪ್ ಅಪ್‌ಡೇಟ್ ಆಗುವಾಗಲೇ ಕರೆಂಟ್ ಹೋಗಬೇಕೇ... ಬ್ಯಾಟರಿ ಮೊದಲೇ ಸತ್ತಿತ್ತು. ಕಪ್ಪು ಪರದೆ ತೋರಿಸಿ ಕೂತುಬಿಟ್ಟಿತು. ಮನೆ ಮತ್ತೆ ಮೌನವಾಯಿತು.

ಸುವರ್ಣಾ ಫೋನಿನಲ್ಲಿ ಧೈರ್ಯ ಹೇಳಿದಳು. "ಅಂಜಬ್ಯಾಡವ್ವ. ಲ್ಯಾಪ್‌ಟಾಪಿನ ಬ್ಯಾಗಿನ್ಯಾಗ ಪೆನ್‌ಡ್ರೈವ್ ಐತಲ್ಲ, ಅದರಿಂದನ ಅಪ್ಪನ ಮಾತು ಹೊಳ್ಳಿ ಬರತೈತಿ. ಜ್ವಾಕಿಲೆ ಇಡು."

ವಿಜಯದಶಮಿಯ ಬೆಳಿಗ್ಗೆ ಬಂದವಳೇ ಕೆಲಸಕ್ಕೆ ಕೂತಳು. ಆಪರೇಟಿಂಗ್ ಸಿಸ್ಟಮ್‌ನ ಇಮೇಜ್, ಅಂದರೆ ಅದನ್ನು ಹೊಸದಾಗಿ ಹಾಕುವ ಫೈಲನ್ನು, ನೆಟ್ಟಿನಿಂದ ಇಳಿಸಿಕೊಂಡು, ತನ್ನ ಲ್ಯಾಪ್‌ಟಾಪಿನಿಂದ ಆ ಪೆನ್‌ಡ್ರೈವ್‌ಗೆ ಬರೆಯಲು ಕೊಟ್ಟಳು.

ಅರ್ಧಕ್ಕೆ ನಿಂತಿತು... ಎರರ್.

ಬೇರೆ ಪೋರ್ಟಿಗೆ ಹಾಕಿದಳು. ಎರರ್. ಬೇರೆ ಸಾಫ್ಟ್‌ವೇರ್‌ನಿಂದ ಬರೆದಳು, ಮತ್ತೆ ಎರರ್. ಇಮೇಜೇ ಕೆಟ್ಟಿರಬೇಕೆಂದು ಮತ್ತೊಮ್ಮೆ ಡೌನ್‌ಲೋಡ್ ಮಾಡಿದರೂ ಅದೇ ಹಣೆಬರಹ. ಹಬ್ಬಕ್ಕೆ ಅಂಗಡಿಗಳು ಬಂದ್. ಪಕ್ಕದ ಮನೆಯವರು ಕೊಟ್ಟ ಪೆನ್‌ಡ್ರೈವ್‌ನಲ್ಲಿ ಇಮೇಜ್ ಹಿಡಿಸುವಷ್ಟು ಜಾಗವಿರಲಿಲ್ಲ.

ಫಕ್ಕೀರಪ್ಪ ಪಕ್ಕದಲ್ಲೇ ಕೂತು ಪರದೆಯ ಮೇಲೆ ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಗೆರೆ ಮುಂದೆ ಹೋಗುವುದನ್ನು ನೋಡುತ್ತಿದ್ದರು. ಅದು ನಿಂತಾಗಲೆಲ್ಲ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಕೊನೆಗೆ ಸುವರ್ಣಾ ಪೆನ್‌ಡ್ರೈವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅದರ ಬಾಯಿಯೊಳಗೆ ಕೆಂಪಗೆ ಏನೋ ಮೆತ್ತಿಕೊಂಡಿತ್ತು.

"ಯವ್ವ, ಇದಕ್ಕ ಕುಂಕುಮ ಯಾರು ಹಚ್ಚ್ಯಾರ?"

"ನಾನ ಹಚ್ಚೇನಿ. ನಿನ್ನೆ ಆಯುಧ ಪೂಜಿ ಇತ್ತಲ್ಲ, ಎಣ್ಣ್ಯಾಗ ಕಲಸಿ ಚಲೋತ್ನಂಗ ಹಚ್ಚೇನಿ" ಅಂದರು ಈರವ್ವ. ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.

ಸುವರ್ಣಾಳ ಪಿತ್ತ ನೆತ್ತಿಗೇರಿತು. "ಬಾಯಾಗ ಕುಂಕುಮ ತುಂಬಿದ್ರ ಇದು ಹೆಂಗ ಕೆಲಸ ಮಾಡತೈತಿ? ಮುಂಜಾನಿಂದ ನನ್ನ ತಲಿ ಕೆಟ್ಟು ಹೋಗೈತಿ. ನಾಳೆ ತೊಟ್ಟಿಲ ಮುಂದ ಅಪ್ಪ ಮೂಕರಂಗ ಕುಂದರಬೇಕೇನು?"



ಈರವ್ವ ಮೆಲ್ಲಗೆ ಹೇಳಿದರು... "ಇದರಿಂದನ ಅಪ್ಪನ ಮಾತು ಬರತೈತಿ ಅಂತ ನೀನ ಅಂದಿದ್ದೆಲ್ಲವ್ವ. ಈಳಿಗಿಗೆ, ಹೊಲಿಗಿ ಮಷಿನ್ನಿಗೆ ಒಂದೊಂದ ಬಟ್ಟು ಇಟ್ಟೆ. ಇದಕ್ಕ ಮಾತ್ರ ಜಾಸ್ತಿ ಹಚ್ಚಿದೆ. ನಿಮ್ಮಪ್ಪನ ದನಿ ಇದರಾಗ ಐತಿ ಅಂತ ತಿಳಕೊಂಡೆ..."

ಸುವರ್ಣಾ ಅವ್ವನ ಪಕ್ಕ ನೆಲದ ಮೇಲೆ ಕೂತು ಅವರ ಭುಜಕ್ಕೆ ತಲೆಯಾನಿಸಿ ಅತ್ತುಬಿಟ್ಟಳು.

ಆಮೇಲೆ ಇಬ್ಬರೂ ಕೂತು ಹಳೆಯ ಟೂತ್‌ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ಆ ಕುಂಕುಮವನ್ನು ಬಿಡಿಸಿದರು. ಚೆನ್ನಾಗಿ ಒಣಗಿಸಿ ಮತ್ತೆ ಬರೆಯಲು ಹಾಕಿದರು.

ಹಸಿರು ಗೆರೆ ಅರ್ಧಕ್ಕೆ ಬಂತು... ಅರ್ಧ ದಾಟಿತು... ಈರವ್ವ ಕಣ್ಣು ಮುಚ್ಚಿಕೊಂಡಿದ್ದರು. ಈ ಸಲ ಕೊನೆಯವರೆಗೂ ಹೋಯಿತು.

ಸಂಜೆ ಊರೆಲ್ಲ ಬನ್ನಿ ಹಂಚುವ ಹೊತ್ತಿಗೆ ಅಪ್ಪನ ಲ್ಯಾಪ್‌ಟಾಪ್ ಎದ್ದು ಕೂತಿತು. ಓದಿ ಹೇಳುವ ಸಾಫ್ಟ್‌ವೇರನ್ನೂ ಸುವರ್ಣಾ ಮತ್ತೆ ಹಾಕಿಕೊಟ್ಟಳು. ಅವರೀಗ ಮಗುವಿನ ಹೆಸರು ಹೇಳಿ ನೋಡುತ್ತಾರೆ ಎಂದು ಎಲ್ಲರೂ ಕಿವಿಗೊಟ್ಟು ನಿಂತರು.

ಫಕ್ಕೀರಪ್ಪ ಒಂದೇ ಬೆರಳಿನಿಂದ ತಡವಾಗಿ, ಒಂದೊಂದೇ ಅಕ್ಷರ ಒತ್ತಿದರು. ಅದೇ ಮೂಗಿನ ದನಿ ಹೇಳಿತು...

"ಸುವರ್ಣಾ, ನಿಮ್ಮವ್ವಗ ಬೈಬ್ಯಾಡ. ಇದನ್ನ ನಾನೂ ಮಷಿನ್ ಅಂತಿದ್ದೆ. ಆಕಿ ಒಬ್ಬಾಕಿನ ಇದನ್ನ ನನ್ನ ದನಿ ಅಂದಳು."

ಈರವ್ವ ಅಡುಗೆಮನೆಗೆ ಹೋಗಿಬಿಟ್ಟರು. ಬಹಳ ಹೊತ್ತು ಅಲ್ಲಿಂದ ಹೊರಗೆ ಬರಲಿಲ್ಲ.

ಮರುದಿನ ತೊಟ್ಟಿಲಲ್ಲಿ ಮಲಗಿದ್ದ ಮಗುವಿನ ಕಿವಿಯ ಹತ್ತಿರ ಸುವರ್ಣಾ ಲ್ಯಾಪ್‌ಟಾಪ್ ಹಿಡಿದಳು. ಅಜ್ಜ ಬೆರಳು ಒತ್ತಿದರು. "ಸಿರಿಗೌರಿ" ಎಂದಿತು ದನಿ. ಮಗು ಪಿಳಿಪಿಳಿ ಕಣ್ಣು ಬಿಟ್ಟಿತು.

ಈ ವರ್ಷದ ಆಯುಧ ಪೂಜೆಗೂ ಸುವರ್ಣಾ ಊರಿಗೆ ಬಂದಿದ್ದಳು. ಲ್ಯಾಪ್‌ಟಾಪಿನ ಪೋರ್ಟುಗಳಿಗೆಲ್ಲ ಟೇಪ್ ಅಂಟಿಸಿ, ಪೆನ್‌ಡ್ರೈವ್‌ಗೆ ಮುಚ್ಚಳ ಹಾಕಿ, ಎರಡನ್ನೂ ತಾನೇ ಅವ್ವನ ಮುಂದೆ ಮಣೆಯ ಮೇಲೆ ಇಟ್ಟಳು.

"ಈಗ ಎಷ್ಟರೆ ಹಚ್ಚವ್ವ" ಅಂದಳು.

ಪ್ರೀತಿ ಕೆಲವೊಮ್ಮೆ ತಪ್ಪು ಜಾಗಕ್ಕೆ ಕುಂಕುಮ ಹಚ್ಚುತ್ತದೆ... ಅದನ್ನು ಒರೆಸುವ ಕೈ ಮೆತ್ತಗಿರಲಿ.

ನಿಮ್ಮ ಮನೆಯಲ್ಲಿ ಯಾರೋ ತಿಳಿಯದೆ ಎಡವಟ್ಟು ಮಾಡಿದಾಗ ಬೈದಿರಲ್ಲ... ಅದನ್ನು ಯಾರಿಗೋಸ್ಕರ ಮಾಡಿದ್ದರು ಎಂದು ಒಮ್ಮೆಯಾದರೂ ಕೇಳಿದ್ದೀರಾ?