ಎಡೆಯ ಖಾರ

ಸೊಸೆಗೆ ಕರುಳಿನಲ್ಲಿ ಹುಣ್ಣು. ಖಾರ ಮುಟ್ಟಬೇಡ, ಸಿಪ್ಪೆ ಬೀಜ ತೆಗೆದು ಮೆತ್ತಗೆ ಬೇಯಿಸಿ ತಿನ್ನು ಎಂದು ಡಾಕ್ಟರು ಹೇಳಿದ್ದರು. ಅವಳ ಸೋರೆಕಾಯಿ ಅನ್ನ ಎಷ್ಟು ಮೆತ್ತಗೆಂದರೆ, ಹಲ್ಲಿಲ್ಲದ ನನಗೇ ನಾಚಿಕೆಯಾಗುತ್ತಿತ್ತು.

ಪಿತೃಪಕ್ಷದಲ್ಲಿ ನಮ್ಮನೆಯವರ ಎಡೆಗೆ ನಾನೇ ಕೋಳಿ ಸಾರು ಮಾಡಿದೆ. ನೂರು ಮೆಣಸಿನಕಾಯಿ ಅರೆದಿದ್ದೆ. ಘಾಟಿಗೆ ಪಕ್ಕದ ಬೀದಿಯವರೂ ಕೆಮ್ಮಿದರು. ತಾರಸಿಯಲ್ಲಿ ಎಲೆ ಇಟ್ಟು ಕಾಗೆಗೆ ಕಾದೆವು. ಕಾಗೆ ಮುಟ್ಟಿದರೆ ಸತ್ತವರು ಉಂಡಂತೆ. ಆಮೇಲೆ ಮನೆಯವರೆಲ್ಲ ಅದೇ ಅಡುಗೆ ಉಣ್ಣಬೇಕು. ಸೊಸೆ ಮಾತ್ರ ತನ್ನ ಬಟ್ಟಲನ್ನು ತಂದು ಗೋಡೆಯ ಮೇಲೆ ಇಟ್ಟುಕೊಂಡಿದ್ದಳು.

“ಎಡೆ ಸಾರು ಒಂದು ತುತ್ತಾದ್ರೂ ಉಣ್ಣು. ಇಲ್ದಿದ್ರೆ ನಿಮ್ಮಾವ ಮುನಿಸ್ಕೋತಾರೆ.”

“ಉಂಡ್ರೆ ನಾಳೆ ಆಸ್ಪತ್ರೆನೇ ಅತ್ತೆ.”

“ನಿಮ್ಮಾವ ಮೂವತ್ತು ವರ್ಷ ನನ್ನ ಸಾರು ಉಂಡ್ರು ಕಣೆ. ಒಂದಿನ ಹೊಟ್ಟೆನೋವು ಅಂದೋರಲ್ಲ.”

“ಊಟ ಆದ್ಮೇಲೆ ದಿನಾ ಗಂಟೆಗಟ್ಲೆ ಹಿತ್ತಲಲ್ಲೇ ಇರ್ತಿದ್ರಂತಲ್ಲ?”

“ಗಿಡಕ್ಕೆ ನೀರು ಹಾಕ್ತಿದ್ರು. ಕಾಗೆ ಮುಟ್ಲಿ ಇರು, ನಿಂಗೂ ಒಂದು ಸೌಟು ಹಾಕ್ತೀನಿ.”

ಅಷ್ಟರಲ್ಲಿ ಕಾಗೆ ಬಂತು. ಎಲೆಯ ಸುತ್ತ ಒಂದು ಸುತ್ತು ನಡೆಯಿತು. ಸಾರಿನ ಹತ್ತಿರ ಕೊಕ್ಕು ಚಾಚಿ, ಸರ್ರನೆ ಹಿಂದಕ್ಕೆ ಎಳೆದುಕೊಂಡಿತು. ಆಮೇಲೆ ಹಾರಿ ಗೋಡೆಯ ಮೇಲೆ ಕೂತು, ಸೊಸೆಯ ಬಟ್ಟಲಿನ ಸೋರೆಕಾಯಿ ಅನ್ನವನ್ನು ತಳ ಕಾಣುವವರೆಗೆ ಗಬಗಬ ತಿಂದಿತು.

ನಾನು ಸೌಟು ಕೆಳಗಿಟ್ಟು ಕಾಗೆಯನ್ನು ಕೇಳಿದೆ:

“ಬದುಕಿದ್ದಾಗ್ಲೇ ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ರೀ?”