ನಡುಮೆಟ್ಟಿಲು

ಓಬಳೇಶನಿಗೆ ಕುಡಿತವೂ ಇತ್ತು, ಕಾರಣವಿಲ್ಲದ ಭಯವೂ ಇತ್ತು.

"ಮೊದಲು ಕುಡಿತ ಬಿಡಿಸ್ಕೊಂಡು ಬನ್ನಿ, ಆಮೇಲೆ ಭಯಕ್ಕೆ ಔಷಧಿ" ಎಂದು ಆಸ್ಪತ್ರೆಯ ಮಹಡಿಯಲ್ಲಿದ್ದ ಮನೋವೈದ್ಯೆ ಕೆಳಗೆ ಕಳಿಸಿದರು.

"ಭಯ ಹೋಗದೆ ಕುಡಿತ ಬಿಡಲ್ಲ. ಮೊದಲು ಅವರೇ ನೋಡಲಿ" ಎಂದು ಕೆಳಗಿನ ಕುಡಿತ ಬಿಡಿಸುವ ಡಾಕ್ಟರು ಮೇಲೆ ಕಳಿಸಿದರು.

ನಾಲ್ಕನೆಯ ಸಲ ಹತ್ತುವಾಗ ಹೆಂಡತಿ ಸಾವಂತ್ರಮ್ಮ ಗಂಡನನ್ನೂ ಎಳೆದುಕೊಂಡು ನಡುಮೆಟ್ಟಿಲಲ್ಲಿ ಕೂತೇಬಿಟ್ಟಳು.

"ಗುಡೀಲೂ ಇಷ್ಟು ಸುತ್ತು ಹಾಕಿಲ್ಲ ಕಣ್ರಪ್ಪ! ಇನ್ನು ನಾವು ಹತ್ತಲ್ಲ, ಇಳಿಯಲ್ಲ. ಅವರಿಬ್ರೂ ಇಲ್ಲಿಗೇ ಬರಲಿ."

ದಾರಿ ಕಟ್ಟಿಹೋಯಿತು. ಮೇಲೂ ಕೆಳಗೂ ನಿಂತ ಜನ ನಗತೊಡಗಿದರು. ಎಷ್ಟೋ ತಿಂಗಳ ಮೇಲೆ ಓಬಳೇಶನಿಗೂ ನಗು ಬಂತು.

"ಏಳೇ, ಬೈತಾರೆ."

"ಬೈಲಿ ಬಿಡು, ಇಬ್ರೂ ಒಟ್ಟಿಗೆ ಬೈಲಿ!"

ಡಾಕ್ಟರಮ್ಮ ಇಳಿದು ಬಂದರು, ಡಾಕ್ಟರು ಹತ್ತಿ ಬಂದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಾವಂತ್ರಮ್ಮ ಗಂಡನ ಫೈಲನ್ನು ಇಬ್ಬರ ಕೈಗೂ ಸೇರಿಸಿ ಹಿಡಿಸಿದಳು.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ.

"ಎರಡಕ್ಕೂ ಒಟ್ಟಿಗೇ ಔಷಧಿ ಶುರು ಮಾಡೋಣ ರೀ. ನಮ್ಮ ಜಗಳ ಮನೇಲಿ ನೋಡ್ಕೊಳ್ಳೋಣ."