ಮೌನೇಶ ಕೇಳಿದ ಪ್ರಶ್ನೆ

ಹೆಡ್‌ಫೋನಿನಲ್ಲಿ ಆ ದನಿ ಮತ್ತೆ ಕೇಳಿದ್ದೇ ಶ್ವೇತ ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿದಳು.

"ಅವ್ವಾ, ಮನೆಯಿಂದ ಹೊರಟೋರಿಗೆ ಏನಂತ ಹೇಳಿ ಕಳಿಸೋದು?" ಬೆನ್ನಿಗೇ ಒಂದು ಹುಂಜ ಕೂಗಿತು.

ಅದು ಮೌನೇಶನ ದನಿ. ಅವಳ ಹಿಂದಿನ ಸಹಾಯಕ ಮೌನೇಶ ಕಾಮಾಲೆಯಾಗಿ ತೀರಿಕೊಂಡದ್ದು ದೀಪಾವಳಿಗೆ ಮುಂಚೆ. ಈಗ ಯುಗಾದಿಯೂ ಕಳೆದಿದೆ.

ವಿಶ್ವವಿದ್ಯಾಲಯದ ಆಡುಮಾತಿನ ಯೋಜನೆ ಶ್ವೇತಳದು. ಮೌನೇಶನ ಜಾಗಕ್ಕೆ ಅವನ ಗೆಳೆಯ, ಎಂಎ ಓದುತ್ತಿದ್ದ ಪುಟ್ಟರಾಜುವನ್ನು ಸಹಾಯಕನಾಗಿ ತೆಗೆದುಕೊಂಡಿದ್ದಳು. ಊರೂರು ಸುತ್ತಿ ಮುದುಕಿಯರ ಮಾತು ರೆಕಾರ್ಡ್ ಮಾಡಿ ತರುವುದು ಅವನ ಕೆಲಸ. ತರುತ್ತಲೂ ಇದ್ದ, ಪಾಪ. ಆದರೆ ಪ್ರಶ್ನೆ ಕೇಳುತ್ತಿದ್ದವನು ಸತ್ತವನು!

ಖದೀಮ, ಗೆಳೆಯನ ಹಳೆಯ ರೆಕಾರ್ಡಿಂಗನ್ನೇ ತಂದು ಸಂಬಳ ಎಣಿಸುತ್ತಿದ್ದಾನೆ ಅಂದುಕೊಂಡಳು. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಮುದುಕಿ ಹೋದ ವಾರದ ಆಲಿಕಲ್ಲು ಮಳೆಗೆ ಹೆಂಚು ಒಡೆದದ್ದನ್ನು ಹೇಳಿ ಶಪಿಸತೊಡಗಿದಳು. ಅಂದರೆ ರೆಕಾರ್ಡಿಂಗ್ ಹಳೆಯದಲ್ಲ.

ಪುಟ್ಟರಾಜುವನ್ನು ಕರೆಸಿದಳು. "ಏನೋ ಇದು? ಪ್ರಶ್ನೆ ಯಾರು ಕೇಳ್ತಿರೋದು?"

ಅವನು ತಲೆ ಎತ್ತಲಿಲ್ಲ. "ಪ್ರಶ್ನೇಲಿ ಒಂದಕ್ಷರಾನೂ ಬದ್ಲಾಗ್ಬಾರ್ದು ಅಂದಿದ್ರಿ ಮೇಡಂ. ಬದ್ಲಾಗಿಲ್ಲ."

"ನಾಳೆ ದೇವಲಾಪುರಕ್ಕೆ ನಾನೂ ಬರ್ತೀನಿ. ಮೋಸ ಅಂತ ಗೊತ್ತಾದ್ರೆ ಸಂಬಳಾನೂ ಇಲ್ಲ, ಕೆಲಸಾನೂ ಇಲ್ಲ."

ಆ ಸಂಬಳದಲ್ಲೇ ಅವನು ಹಾಸ್ಟೆಲ್ ಫೀಸು ಕಟ್ಟುತ್ತಿದ್ದ. ಆದರೂ ಹುಡುಗ ಅಂದದ್ದು ಬೇರೆ: "ನನ್ ಕೆಲ್ಸ ಓದ್ರೆ ಓಗ್ಲಿ ಮೇಡಂ. ರೆಕಾರ್ಡಿಂಗ್ ಮಾತ್ರ ನಿಲ್ಲಿಸ್ಬೇಡಿ."

ಮರುದಿನ ಇಬ್ಬರ ಕಾರು ಪಾಂಡವಪುರ ದಾಟಿತು. ಕಬ್ಬಿನ ಗದ್ದೆಗಳು ಮುಗಿದು ಮಳೆ ನಂಬಿದ ನಾಗಮಂಗಲದ ಬೆದ್ದಲು ಶುರುವಾಯಿತು. ಹಿಂದಿನ ಸೀಟಿನಲ್ಲಿ ಯಾರೋ ಕೂತಂತೆನಿಸಿ ಶ್ವೇತ ಕನ್ನಡಿ ನೋಡುತ್ತಲೇ ಇದ್ದಳು. ಛೆ, ಓದಿದವಳಿಗೆ ಇದೇನು ಹುಚ್ಚು ಅಂತ ತನ್ನನ್ನೇ ಬೈದುಕೊಂಡಳು. ಭಯವೇನೂ ಹೋಗಲಿಲ್ಲ.

ದೇವಲಾಪುರದಲ್ಲಿ ಪುಟ್ಟರಾಜು ಒಂದು ಹೆಂಚಿನ ಮನೆ ತೋರಿಸಿ ಹಿಂದೆಯೇ ನಿಂತ. ಬಾಗಿಲು ಓರೆಯಾಗಿತ್ತು.

"ಅವ್ವಾ, ಮನೆಯಿಂದ ಹೊರಟೋರಿಗೆ ಏನಂತ ಹೇಳಿ ಕಳಿಸೋದು?" ಒಳಗಿಂದ ಮೌನೇಶನ ದನಿ ಬಂತು. ಹುಂಜ ಕೂಗಿತು. ಶ್ವೇತ ಸುತ್ತ ನೋಡಿದಳು. ಅಂಗಳದಲ್ಲಿ ಹುಂಜವಿರಲಿ, ಒಂದು ಕೋಳಿಮರಿಯೂ ಇರಲಿಲ್ಲ.

ಮುದುಕಿಯೊಬ್ಬಳ ದನಿ ಉತ್ತರ ಕೊಟ್ಟಿತು: "ಓಗು ಅಂತ ಯಾರಾರಾ ಅಂದಾರಾ ಮಗ? ಓಗ್ಬುಟ್ಟು ಬಾ ಅಂತೀವಿ. ಬಿರ್ನೆ ಬಾ ಅಂತೀವಿ."

ಶ್ವೇತ ಧೈರ್ಯ ತಂದುಕೊಂಡು ಬಾಗಿಲು ತಳ್ಳಿದಳು.

ಮುದುಕಿಯ ಎದುರಿಗೆ ಇನ್ನೊಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಮೊಬೈಲು. ಪ್ರಶ್ನೆ ಮುಗಿದೊಡನೆ ಅದನ್ನು ಹೆಬ್ಬೆರಳಿನಿಂದ ಒತ್ತಿ ನಿಲ್ಲಿಸಿದ್ದಳು. ಮೌನೇಶನ ಊರು ಕಿಕ್ಕೇರಿಯಲ್ಲಿ ಅವನ ಸಾವಿನ ದಿನ ಕಂಡ ಮುಖ. ಮೌನೇಶನ ತಾಯಿ, ವೆಂಕಟಮ್ಮ.

ಮೊದಲ ಅಭ್ಯಾಸ ಮನೆಯಲ್ಲೇ ಮಾಡಿ, ಹೆತ್ತ ತಾಯಿಯನ್ನೇ ಕೇಳಿ ಎಂದು ಶ್ವೇತಳೇ ಎಲ್ಲ ಹುಡುಗರಿಗೂ ಹೇಳಿದ್ದಳು. ಮೊಬೈಲಿನಲ್ಲಿದ್ದದ್ದು ಮೌನೇಶನ ಆ ಅಭ್ಯಾಸದ ರೆಕಾರ್ಡಿಂಗು; ಹುಂಜ ಕಿಕ್ಕೇರಿಯ ಹಿತ್ತಿಲಿನದು. ಆ 'ಅವ್ವಾ' ಈ ಅವ್ವನನ್ನು ಕರೆದದ್ದು.

"ಜೊತೆಗೆ ಬರ್ತೀನಿ, ನನ್ ಮಗನೇ ಪ್ರಶ್ನೆ ಕೇಳ್ಲಿ ಅಂದ್ರು ಮೇಡಂ," ಪುಟ್ಟರಾಜು ಮೆಲ್ಲಗೆ ಅಂದ. "ಇಲ್ಲ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಇವತ್ತು ಬೆಳಗಿನ ಬಸ್ಸಿಗೇ ಬಂದವ್ರೆ."

ಶ್ವೇತ ವೆಂಕಟಮ್ಮನ ಪಕ್ಕ ಕೂತಳು. ಹೊಟ್ಟೆಪಾಡಿಗೆ ಈ ತಾಯಿ ಎಷ್ಟು ದೂರ ಅಲೆಯುತ್ತಿದ್ದಾಳಲ್ಲ! "ಅಮ್ಮಾ, ಕಷ್ಟ ಇದ್ರೆ ನನಗೆ ಹೇಳಬಾರದಿತ್ತಾ? ನಿಮಗೂ ಸಂಬಳ ಬರೋ ಹಾಗೆ ಮಾಡ್ತೀನಿ."

ವೆಂಕಟಮ್ಮ ಸೆರಗಿನಿಂದ ಮೊಬೈಲು ಒರೆಸಿದಳು.

"ಸಂಬಳ ಯಾಕವ್ವಾ? ನಾನೊಬ್ಳೇ ಬಾ ಅಂದ್ರೆ ಬರ್ಲಿಲ್ಲ ಅವ್ನು, ಅದ್ಕೇ ಊರೂರಿನ ತಾಯಂದ್ರ ಕೈಲೂ ಅನ್ನುಸ್ತಾ ಇವ್ನಿ."